ಎಲ್ಮರ್ ಇನ್ನೂ ಮೊದಲನೇ ಸ್ಥಾನದಲ್ಲಿದ್ದಾನೆ

ಸೆಪ್ಟೆಂಬರ್ 2, ಸೋಮವಾರ

ಹೋದವರ ಹೆಸರಿನ ಒಂಬತ್ತು ದಿನದ ಪ್ರಾರ್ಥನೆ ಮುಗಿಯಿತು, ನೆಂಟರೆಲ್ಲ ದೋಣಿ ಹತ್ತಿ ಅವರವರ ದ್ವೀಪಕ್ಕೆ ಹೋದರು. ಇನ್ನು ಮನೆಯಲ್ಲಿ ಕೂತು ಮಾಡುವುದೇನು ಎಂದು ಇವತ್ತು ಶಾಲೆಗೆ ಹೋದೆ. ಇನ್ನೊಂದು ವಾರ ರಜೆ ಹಾಕಿ ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದ್ದರು. ರಜೆ ಹಾಕಿ ಗೋಡೆ ನೋಡುತ್ತಾ ಕೂರಬೇಕಾ? ಗೋಡೆಯಲ್ಲೂ ಪೆನ್ಸಿಲಿನಲ್ಲಿ ಮಗನ ಎತ್ತರದ ಗೆರೆಗಳೇ.

ಆರನೇ ತರಗತಿಯವರು ಎದ್ದು ನಿಂತು "ಗುಡ್ ಮಾರ್ನಿಂಗ್ ಮ್ಯಾಡಂ" ಎಂದು ಎಂದಿನಂತೆ ರಾಗ ಎಳೆದರು. ಕಿಟಕಿ ಪಕ್ಕದ ಕುರ್ಚಿ ಖಾಲಿ ಇತ್ತು. ಆ ಕಡೆ ನೋಡಲಿಲ್ಲ. ಮನೆಯಲ್ಲಿ ಅಮ್ಮ, ತರಗತಿಯಲ್ಲಿ ಮ್ಯಾಡಂ ಎಂದು ಅವನಿಗೆ ನಾನೇ ತಾಕೀತು ಮಾಡಿದ್ದೆ. ಒಂದು ಸಲವೂ ತಪ್ಪಿರಲಿಲ್ಲ. ಒಂದು ಸಲವಾದರೂ ಎಲ್ಲರೆದುರು ಅಮ್ಮ ಎಂದು ಕರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು.

ಅವನು ಜ್ವರ ಬಂದು ಮಲಗಿದಾಗಿನಿಂದ ಟ್ಯಾಬ್ಲೆಟ್‌ಗಳ ಬೀರುವನ್ನು ಯಾರೂ ತೆರೆದಿಲ್ಲ. ಬದಲಿಗೆ ಬಂದ ಟೀಚರಿಗೆ ಆ ಆಟ ಗೊತ್ತಿಲ್ಲವಂತೆ. ನಾನೇ ತೆರೆದು, ಗೋಡೆಯ ಪರದೆ ಮೇಲೆ ಅಂಕಪಟ್ಟಿ ಹಾಕಿದೆ. ಈ ಸುದ್ದಿ ನಿಜವೋ ಸುಳ್ಳೋ, ಈ ಲಿಂಕ್ ಒತ್ತಬಹುದೋ ಬಾರದೋ, ಗುರುತಿಲ್ಲದವರು ಕೇಳಿದರೆ ಫೋಟೋ ಕಳಿಸಬಹುದೋ ಎಂಬಂಥ ಪ್ರಶ್ನೆಗಳ ಆಟ. ಸರಿ ಹೇಳಿದವರಿಗೆ ಅಂಕ. ಹೆಸರಿನ ಪಕ್ಕದಲ್ಲಿ ಅವರವರೇ ಆರಿಸಿಕೊಂಡ ಚಿತ್ರ. ಎಲ್ಲರಿಗಿಂತ ಮೇಲೆ ಆಕ್ಟೋಪಸ್, ಎಲ್ಮರ್. ಅದರ ಕೆಳಗೇ, ಕೂದಲೆಳೆಯಷ್ಟು ಹಿಂದೆ, ಜೆಮಲಿನ್. ಈ ಹುಡುಗಿ ಜೂನ್ ತಿಂಗಳಿಂದ ಎರಡನೇ ಸ್ಥಾನದಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದಾಳೆ.

ಅವನ ಹೆಸರು ಮಾತ್ರ ಮಂಕಾಗಿತ್ತು. ಎರಡು ವಾರ ಆಡದವರ ಹೆಸರು ಹಾಗೆ ಮಂಕಾಗುತ್ತದೆ. ಇನ್ನೊಂದು ವಾರ ಬಿಟ್ಟರೆ ತಾನಾಗಿಯೇ ಅಳಿಸಿಹೋಗುತ್ತದೆ.

ಪರದೆ ಆರಿಸಿ ಗಣಿತ ಮಾಡಿಸಿದೆ.

ಸೆಪ್ಟೆಂಬರ್ 3, ಮಂಗಳವಾರ

ಮಾಡಿಬಿಟ್ಟೆ. ಸಂಜೆ ಗಂಡ ರೋಡೆಲ್ ಟ್ರೈಸಿಕಲ್ ತೆಗೆದುಕೊಂಡು ದೋಣಿಯಿಂದ ಇಳಿಯುವವರನ್ನು ಹತ್ತಿಸಿಕೊಳ್ಳಲು ಬಂದರಿಗೆ ಹೋದಮೇಲೆ ಫೋನಿನಲ್ಲಿ ಆಟ ತೆರೆದೆ. ಮಕ್ಕಳ ಪಾಸ್‌ವರ್ಡ್‌ಗಳೆಲ್ಲ ನನ್ನ ಹತ್ತಿರ ಇರುತ್ತವೆ. ಅವನ ಹೆಸರು ಹಾಕಿ ಎರಡೇ ಎರಡು ಪ್ರಶ್ನೆಗೆ ಉತ್ತರ ಒತ್ತಿದೆ. ಹೆಸರು ಮತ್ತೆ ಕಪ್ಪಗಾಯಿತು.

ಅಳಿಸಿಹೋಗಬಾರದು, ಅಷ್ಟೇ. ಯಾರಿಗೇನು ನಷ್ಟ?

ಸೆಪ್ಟೆಂಬರ್ 5, ಗುರುವಾರ

ಎರಡೇ ಪ್ರಶ್ನೆ ಎಂದುಕೊಂಡಿದ್ದೆ. ನಿನ್ನೆ ತರಗತಿಯಲ್ಲಿ ಜೆಮಲಿನ್ ಒಂದೇ ಉಸಿರಿಗೆ ಆಡಿ ಅವನ ಹತ್ತಿರಕ್ಕೆ ಬಂದುಬಿಟ್ಟಳು. ಸಂಜೆ ಇನ್ನಷ್ಟು ಆಡಿದೆ. ಮೂವತ್ತೆಂಟು ವರ್ಷದ ಹೆಂಗಸು, ಅಡುಗೆಮನೆ ಬಾಗಿಲಲ್ಲಿ ಕೂತು, ಆರನೇ ತರಗತಿಯ ಹುಡುಗಿಯ ಮೇಲೆ ಪೈಪೋಟಿ.

ಬೆಳಿಗ್ಗೆ ಪಟ್ಟಿ ಹಾಕಿದ ಕೂಡಲೇ ಮಕ್ಕಳು ಗುಸುಗುಸು ಶುರುಮಾಡಿದರು. ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ತರಗತಿಯಲ್ಲೇ ಚಿಕ್ಕವಳು ಲಿಲಿಬೆತ್ ಕೈ ಎತ್ತಿದಳು.

"ಮ್ಯಾಡಂ, ಎಲ್ಮರ್ ಅಂಕ ಜಾಸ್ತಿ ಆಗಿದೆ. ಅವನು ಆಡ್ತಿದಾನಾ?"

ನಲವತ್ತನೇ ದಿನದ ತನಕ ಹೋದವರು ಇಲ್ಲೇ ಸುತ್ತಾಡುತ್ತಿರುತ್ತಾರೆ ಎಂದು ಪ್ರತಿ ಮನೆಯಲ್ಲೂ ಅಜ್ಜಿಯರು ಹೇಳಿರುತ್ತಾರೆ. ಇಲ್ಲಮ್ಮ, ಅದು ನಾನು ಎನ್ನಬೇಕಿತ್ತು. ಪುಸ್ತಕ ತೆಗೀರಿ ಎಂದೆ.

ಇವತ್ತಿನ ಪಾಠ ಏನಿತ್ತು ಎಂದರೆ: ಹೆಸರಿನ ಹಿಂದೆ ಯಾರಿದ್ದಾರೆ ಎಂದು ಖಾತ್ರಿ ಮಾಡಿಕೊಳ್ಳಿ, ಇನ್ನೊಬ್ಬರ ಹೆಸರಿನಲ್ಲಿ ಯಾವತ್ತೂ ಒಳಗೆ ಹೋಗಬೇಡಿ. ಅದನ್ನು ಬೋರ್ಡಿನ ಮೇಲೆ ದುಂಡಗೆ ಬರೆದು ಕೆಳಗೆ ಗೆರೆಯನ್ನೂ ಎಳೆದೆ.

ಸೆಪ್ಟೆಂಬರ್ 9, ಸೋಮವಾರ

ಜೆಮಲಿನ್ ಇವತ್ತು ಕೊನೆಯ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಸುಲಭದ್ದು. ನಿಮಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ, ಎಂಬ ಸಂದೇಶ. ಲಿಲಿಬೆತ್ ಕೂಡ ಸರಿ ಹೇಳಿದಳು. ಜೆಮಲಿನ್ ಬೆರಳು ಎತ್ತಿಕೊಂಡು ಸುಮ್ಮನೆ ಕೂತಳು, ಸಮಯ ಮುಗಿಯಿತು. ಶುಕ್ರವಾರವೂ ಇದನ್ನೇ ಮಾಡಿದ್ದಳು.

ಗದರಬೇಕಿತ್ತು, ಗದರಲಿಲ್ಲ. ಒಳಗೊಳಗೇ ಖುಷಿಯಾಯಿತು ಎಂದು ಇಲ್ಲಿ ಬರೆಯುವುದಕ್ಕೇನು, ಓದುವವರು ಯಾರಿದ್ದಾರೆ.

ಸೆಪ್ಟೆಂಬರ್ 11, ಬುಧವಾರ

ಕಿಟಕಿ ಪಕ್ಕದ ಕುರ್ಚಿಯ ಮೇಲೆ ಯಾರೋ ಬಿಸ್ಕತ್ತಿನ ಪೊಟ್ಟಣ ಇಟ್ಟಿದ್ದರು. ಒಣ ಮಾವಿನ ಹೋಳೂ ಇತ್ತು. ಅವನಿಗೆ ಇಷ್ಟ. ತೆಗೆಸಲಿಲ್ಲ. ಕುರ್ಚಿಯನ್ನು ಹಿಂದಿನ ಸಾಲಿಗೆ ಹಾಕೋಣವೇ ಎಂದು ಜವಾನ ಕೇಳಿದ್ದಕ್ಕೆ ಅವನ ಮೇಲೆ ಹರಿಹಾಯ್ದೆ. ಪಾಪ, ಅವನೇನು ಮಾಡಿದ್ದ.

ಸೆಪ್ಟೆಂಬರ್ 13, ಶುಕ್ರವಾರ

ರೋಡೆಲ್‌ಗೆ ಗೊತ್ತಾಯಿತು. ಟ್ರೈಸಿಕಲ್ ಚಕ್ರ ಪಂಕ್ಚರ್ ಆಗಿ ಬೇಗ ಬಂದುಬಿಟ್ಟ. ನಾನು ಫೋನು ಹಿಡಿದು ನಗುತ್ತಿದ್ದೆನಂತೆ. ನಕ್ಕಿದ್ದು ನನಗೆ ನೆನಪಿಲ್ಲ. ಪರದೆಯ ಮೇಲೆ ಹೆಸರು ನೋಡಿ ಅವನ ಮುಖ ಬಿಳಿಚಿಕೊಂಡಿತು. ಆ ಟ್ರೈಸಿಕಲ್ಲಿನಲ್ಲೇ ಅವನು ಮಗನನ್ನು ಆಸ್ಪತ್ರೆಗೆ ಕರೆದೊಯ್ದದ್ದು. ಅವತ್ತಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ, ಮಾತೂ ಇಲ್ಲ. ಇವತ್ತು ಮಾತಾಡಿದ.

"ನಲವತ್ತಕ್ಕೆ ಅವನು ಹೊರಡಬೇಕು ಡೆಲ್ಫಾ. ನೀನು ಹೀಗೆ ಬಾಗಿಲಲ್ಲೇ ಅಂಗಿ ಹಿಡ್ಕೊಂಡು ನಿಂತ್ರೆ ಮಗು ಎಲ್ಲಿಗೆ ಹೋಗ್ಬೇಕು?"

ಬಾಯಿಗೆ ಬಂದದ್ದೆಲ್ಲ ಅಂದೆ. ನೀನು ಕಲ್ಲು ಎಂದೆ. ಎರಡು ದಿನ ಮೊದಲೇ ಆಸ್ಪತ್ರೆಗೆ ಒಯ್ಯಬೇಕಿತ್ತು ಎಂದೂ ಅಂದೆ. ಬರೀ ನೆಗಡಿ ಜ್ವರ, ಶಾಲೆ ತಪ್ಪಿಸೋಕೆ ನೆಪ ಎಂದು ಆ ಎರಡು ದಿನ ಅಂದವಳು ನಾನೇ. ಅವನು ಅದನ್ನು ಎತ್ತಿ ಆಡಲಿಲ್ಲ. ಹೊರಗೆ ಹೋಗಿ ಪಂಕ್ಚರ್ ಹಾಕುತ್ತಾ ಕೂತ.

ಇನ್ನು ಆಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಸೆಪ್ಟೆಂಬರ್ 17, ಮಂಗಳವಾರ

ನಾನು ಆಡಿಲ್ಲ. ಶನಿವಾರ, ಭಾನುವಾರ ಫೋನು ಮುಟ್ಟಿಲ್ಲ. ನಿನ್ನೆಯೂ ಇಲ್ಲ. ಆದರೂ ಇವತ್ತು ಬೆಳಿಗ್ಗೆ ಪಟ್ಟಿ ಹಾಕಿದರೆ ಆಕ್ಟೋಪಸ್‌ನ ಅಂಕ ಏರಿದೆ.

ಮೊದಲು ಯಂತ್ರದ ತಪ್ಪೆಂದುಕೊಂಡೆ. ಮಧ್ಯಾಹ್ನ ರೋಡೆಲ್ ಊಟಕ್ಕೆ ಬಂದಾಗ ನೀನೇನಾದರೂ ಆಡಿದೆಯಾ ಎಂದು ಕೇಳಿದೆ. ಅವನಿಗೆ ಆಟ ತೆರೆಯುವುದೇ ಗೊತ್ತಿಲ್ಲ. ಪಾಸ್‌ವರ್ಡ್ ಅಂತೂ ಮೊದಲೇ ಗೊತ್ತಿಲ್ಲ. ನನ್ನನ್ನು ಒಂಥರಾ ನೋಡಿದ.

ಯಾರೋ ಆಡಿದ್ದಾರೆ. ಡಿಜಿಟಲ್ ತಿಳುವಳಿಕೆ ಕಲಿಸುವವಳು ನಾನು. ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ ಎಂದು ಗೊತ್ತು.

ಸೆಪ್ಟೆಂಬರ್ 18, ಬುಧವಾರ

ನಾಲ್ಕೂವರೆಗೆ, ಶಾಲೆ ಬಿಟ್ಟು ಬಂದು ಫೋನಿನಲ್ಲಿ ಬರೀ ಪಟ್ಟಿ ತೆರೆದು ಇಟ್ಟುಕೊಂಡೆ. ನಾನು ಏನನ್ನೂ ಒತ್ತಲಿಲ್ಲ. ಕಣ್ಣೆದುರೇ ಅವನ ಅಂಕ ಏರತೊಡಗಿತು. ಒಂದಾದ ಮೇಲೆ ಒಂದು, ಪ್ರಶ್ನೆ ಓದಿ ಮುಗಿಸುವಷ್ಟೂ ಪುರುಸೊತ್ತಿಲ್ಲದ ಹಾಗೆ. ಅವನದೇ ಅವಸರ. ನಿಧಾನ ಕಣೋ, ಪೂರ್ತಿ ಓದು ಎಂದು ಎಷ್ಟು ಸಲ ಹೇಳಿದ್ದೆ. ಈಗಲೂ ಹೇಳಿದೆ. ಜೋರಾಗಿಯೇ ಹೇಳಿದೆ.

ಐದಕ್ಕೆ ಮೊದಲೇ ನಿಂತಿತು. ಆ ಹೊತ್ತಿಗೆ ಅವನಿಗೆ ಹಸಿವಾಗುತ್ತಿತ್ತು.

ಸೆಪ್ಟೆಂಬರ್ 20, ಶುಕ್ರವಾರ

ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಅದರ ಮೇಲೊಂದು ಮೊಟ್ಟೆ. ಹಳದಿ ಒಡೆಯಬಾರದು. ಮೂರು ದಿನದಿಂದ ಸಂಜೆ ಇದನ್ನೇ ಮಾಡಿ ಮೇಜಿನ ಮೇಲೆ ಇಡುತ್ತೇನೆ, ಫೋನನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂರುತ್ತೇನೆ. ತರಗತಿಯಲ್ಲಿ ಏನು ಪಾಠ ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಉಳಿದ ಮಕ್ಕಳು ಇದ್ದರು, ಕೂತಿದ್ದರು, ಎದ್ದುಹೋದರು.

ಭಾನುವಾರವಲ್ಲ, ಅದರಾಚೆಯ ಭಾನುವಾರ ನಲವತ್ತನೇ ದಿನ. ಊಟಕ್ಕೆ ಹಂದಿಮರಿ ಹೇಳಿ ಬರಲೇ, ಒಂಬತ್ತು ದಿನ ಪ್ರಾರ್ಥನೆ ನಡೆಸಿಕೊಟ್ಟ ಅಜ್ಜಿಗೆ ಹೇಳಲೇ ಎಂದು ರೋಡೆಲ್ ಕೇಳಿದ. ಬೇಡ ಎಂದೆ. ಯಾಕೆ ಎಂದ. ಏನೂ ಬೇಡ, ಯಾರನ್ನೂ ಕರೆಯಬೇಡ, ನನ್ನ ಮನೆಯಿಂದ ಯಾರನ್ನೂ ಕಳಿಸಿಕೊಡುವುದಿಲ್ಲ ಎಂದೆ. ಅವನು ತಟ್ಟೆಯಲ್ಲಿದ್ದ ಮೊಟ್ಟೆಯನ್ನೇ ಬಹಳ ಹೊತ್ತು ನೋಡಿದ. ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದ. ಹುಚ್ಚಿ ಅಂದುಕೊಂಡಿದ್ದಾನೆ.

ಅಂದುಕೊಳ್ಳಲಿ. ಇವತ್ತೂ ಏರಿತು.

ಸೆಪ್ಟೆಂಬರ್ 23, ಸೋಮವಾರ

ಬರೆಯಬಾರದು ಎಂದುಕೊಂಡೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮಧ್ಯಾಹ್ನ ಊಟ ಮಾಡುತ್ತಾ ರೋಡೆಲ್ ಮಾತಿನ ಮಧ್ಯೆ ಸುಮ್ಮನೆ ಎನ್ನುವ ಹಾಗೆ ಹೇಳಿದ. ನಿನ್ನ ಆ ಜೆಮಲಿನ್ ಶಾಲೆ ಬಿಟ್ಟ ಕೂಡಲೇ ಟ್ರೈಸಿಕಲ್ ಸ್ಟ್ಯಾಂಡಿನ ಎದುರಿನ ಅಂಗಡಿಗೆ ಬರುತ್ತಾಳೆ, ನಾಣ್ಯ ಹಾಕಿದರೆ ನಡೆಯುವ ಕಂಪ್ಯೂಟರ್ ಇದೆಯಲ್ಲ, ಅದರ ಮುಂದೆ ಕೂತು ಒಂದರ ಹಿಂದೊಂದು ನಾಣ್ಯ ಹಾಕುತ್ತಾಳೆ, ಅಜ್ಜಿ ತಿಂಡಿಗೆ ಕೊಟ್ಟದ್ದನ್ನೆಲ್ಲ ಅಲ್ಲೇ ಸುರಿಯುತ್ತಾಳೆ, ಕೆಟ್ಟುಹೋದಾಳು, ಒಂದು ಮಾತು ಹೇಳು ಎಂದ. ಆಯಿತು ಎಂದೆ. ನಿಜವಾಗಿಯೂ ಬುದ್ಧಿ ಹೇಳಲೆಂದೇ ಹೋದೆ. ದಾರಿಯಲ್ಲಿ ಏನೆಂದು ಬೈಯಬೇಕು ಎಂದು ಹೊಂದಿಸಿಕೊಂಡೂ ಇದ್ದೆ.

ಅಂಗಡಿಯ ಮೂಲೆಯಲ್ಲಿ ಬೆನ್ನು ಹಾಕಿ ಕೂತಿದ್ದಳು. ದೊಡ್ಡ ಹುಡುಗರು ಪಕ್ಕದಲ್ಲಿ ಗುಂಡು ಹಾರಿಸುವ ಆಟ ಆಡುತ್ತಾ ಕಿರುಚುತ್ತಿದ್ದರು. ಅವಳ ಪರದೆಯ ಮೂಲೆಯಲ್ಲಿ ಆಕ್ಟೋಪಸ್ ಇತ್ತು.

ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅವಳು ತಿರುಗಿ ನೋಡಿ ಎದ್ದು ನಿಂತಳು.

"ಅವನ ಪಾಸ್‌ವರ್ಡ್ ನಿಂಗ್ಯಾರು ಕೊಟ್ರು?"

"ಅವನೇ ಕೊಟ್ಟಿದ್ದ ಮ್ಯಾಡಂ. ನಂದು ಅವನಿಗೆ ಗೊತ್ತಿತ್ತು."

ಅವಳ ತೋಳು ಹಿಡಿದು ಅಲುಗಾಡಿಸಿದೆ. ಇನ್ನೊಬ್ಬರ ಹೆಸರಿನಲ್ಲಿ ಹೋಗಬಾರದು ಎಂದು ಕಲಿಸಿಲ್ಲವಾ, ಬೋರ್ಡಿನ ಮೇಲೆ ಬರೆದಿಲ್ಲವಾ, ಅದೂ ಅವನ ಹೆಸರಿನಲ್ಲಿ, ನಾಚಿಕೆ ಆಗಲ್ವಾ ಎಂದೆಲ್ಲ ಅಂದೆ. ಅವಳು ಅಳಲಿಲ್ಲ.

"ನೀವೂ ಹೋಗ್ತಿದ್ರಲ್ಲ ಮ್ಯಾಡಂ. ನಂಗೊತ್ತಿತ್ತು. ಅವನು ಅಷ್ಟು ನಿಧಾನ ಆಡ್ತಿರ್ಲಿಲ್ಲ. ನೀವು ನಿಲ್ಸಿದ್ರಿ. ನಾನು ದಾಟಿಬಿಡ್ತೀನಿ ಅಂತ ಹೆದ್ರಿಕೆ ಆಯ್ತು."

ದಾಟಿದ್ದರೆ ಏನಾಗುತ್ತಿತ್ತು ಎಂದೆ.

"ನಾನೇ ಕೇಳ್ಕೊಂಡಿದ್ದೆ ಮ್ಯಾಡಂ. ಚರ್ಚಲ್ಲಿ ಬಾಲಯೇಸು ಮುಂದೆ ಮೇಣದಬತ್ತಿ ಹಚ್ಚಿ. ಎಲ್ಮರ್ ಒಂದೇ ಒಂದು ವಾರ ಶಾಲೆಗೆ ಬರ್ದೆ ಇರ್ಲಿ, ಅಷ್ಟರಲ್ಲಿ ನಾನು ಮೊದಲ್ನೇದು ಬರ್ತೀನಿ ಅಂತ. ಅದಾಗಿ ಮೂರು ದಿನಕ್ಕೆ ಅವನಿಗೆ ಜ್ವರ ಬಂತು."

ಅವಳ ತೋಳು ಬಿಟ್ಟು ಹೊರಗೆ ಬಂದು ನಡೆದುಬಿಟ್ಟೆ. ಆ ಮಗುವನ್ನು ಅಲ್ಲೇ, ಆ ಗಲಾಟೆಯ ನಡುವೆ, ನಿಲ್ಲಿಸಿಬಿಟ್ಟು ಬಂದೆ. ಮನೆ ಮುಟ್ಟುವ ತನಕ ನಾನು ಯೋಚಿಸಿದ್ದು ಅವಳ ಬಗ್ಗೆ ಅಲ್ಲ, ಒಂದೇ ವಿಷಯ. ಹಾಗಾದರೆ ಅವನಲ್ಲ. ಅವನು ಆಡಿರಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಜೆಮಲಿನ್ ಬಂದಿಲ್ಲ.

ಸೆಪ್ಟೆಂಬರ್ 25, ಬುಧವಾರ

ಇವತ್ತೂ ಬಂದಿಲ್ಲ. ಹಾಜರಿ ಕರೆಯುವಾಗ ಅವಳ ಹೆಸರಿಗೆ ಯಾರೂ ಓಗೊಡಲಿಲ್ಲ. ಅವಳ ಪಕ್ಕದಲ್ಲಿ ಕೂರುವ ಹುಡುಗಿ, ಅವಳು ಊಟ ಮಾಡುತ್ತಿಲ್ಲವಂತೆ ಮ್ಯಾಡಂ ಎಂದಳು. ಎರಡು ಕುರ್ಚಿ ಖಾಲಿ. ಒಂದನ್ನು ನಾನು ಖಾಲಿ ಮಾಡಿಸಿದ್ದೇನೆ.

ಸೆಪ್ಟೆಂಬರ್ 26, ಗುರುವಾರ

ಶಾಲೆ ಬಿಟ್ಟಮೇಲೆ ಹೋದೆ. ಮೀನು ಒಣಗಿಸುವ ಬಯಲಿನ ಪಕ್ಕದಲ್ಲಿ ಅವರ ಮನೆ. ತಾಯಿ ಕೊಲ್ಲಿ ದೇಶದಲ್ಲಿ ಯಾರದೋ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಸಾಕುವುದೆಲ್ಲ ಅಜ್ಜಿ. ಅಜ್ಜಿ ಬಿದಿರಿನ ತಟ್ಟಿಯ ಮೇಲೆ ಮೀನು ಮಗುಚುತ್ತಿದ್ದಳು. ಹುಡುಗಿಗೆ ಏನೋ ಗಾಳಿ ಸೋಕಿದೆ, ಮುಖ ಗೋಡೆಗೆ ಹಾಕಿ ಮಲಗಿದ್ದಾಳೆ, ನೀವಾದರೂ ಕೇಳಿ ಎಂದಳು. ಕಾರಣ ನಾನೇ ಎಂದು ಮೊಮ್ಮಗಳು ಅಜ್ಜಿಗೆ ಹೇಳಿರಲಿಲ್ಲ.

ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಯೋಚಿಸಿದ್ದೆ. ಅದು ಸೊಳ್ಳೆಯಿಂದ ಬರುವ ಜ್ವರ, ಡೆಂಗಿ, ವಿಜ್ಞಾನದ ಪುಸ್ತಕದಲ್ಲೇ ಇದೆ ಎಂದು ಹೇಳಬೇಕು ಎಂದು. ಹೇಳಿದೆ ಕೂಡ. ಅವಳು ಗೋಡೆ ಬಿಟ್ಟು ಈ ಕಡೆ ತಿರುಗಲಿಲ್ಲ. ಇವಳಿಗೆ ಅದೆಲ್ಲ ಬಾಯಿಪಾಠ ಬರುತ್ತದೆ, ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವಳು.

ಆಮೇಲೆ ನನ್ನ ಬಾಯಿಂದ ಬಂದದ್ದು ನಾನು ಯೋಚಿಸಿದ್ದಲ್ಲ.

"ನಾನೂ ಕೇಳ್ಕೊಂಡೆ ಕಣೇ. ಆಸ್ಪತ್ರೇಲಿ, ಊಟ ನಿದ್ದೆ ಬಿಟ್ಟು, ಅದೇ ಬಾಲಯೇಸುವಿನ ಕಾಲು ಹಿಡ್ಕೊಂಡು. ನನ್ನ ಜೀವ ತಗೋ, ಮಗೂನ ಬಿಡು ಅಂದೆ. ಹೆತ್ತವಳು ಅಷ್ಟು ಅತ್ರೂ ಕೇಳಿಸ್ಕೊಳ್ದೆ ಇದ್ದೋನು, ನೀನೊಂದು ಮೇಣದಬತ್ತಿ ಹಚ್ಚಿದ್ದಕ್ಕೆ ಇದನ್ನ ಮಾಡ್ತಾನೇನೆ?"

ಅವಳು ತಿರುಗಿ ನನ್ನ ಮಡಿಲಿಗೆ ಮುಖ ಹಾಕಿ ಅತ್ತಳು ನೋಡು, ಅಜ್ಜಿ ಮೀನಿನ ಕೈಯಲ್ಲೇ ಓಡಿಬಂದಳು. ನಾನೂ ಅತ್ತೆ. ದೇವರನ್ನು ಹಾಗೆ ಅಂದದ್ದು ಪಾಪವೋ ಏನೋ. ಆಗಲಿ.

ಬರುವಾಗ ಅವಳು ಕೇಳಿದಳು, ಮ್ಯಾಡಂ, ಅವನಿಗೆ ಗೊತ್ತಾಗಿದ್ದರೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದನಾ ಎಂದು. ಖಂಡಿತ ಮಾಡಿಕೊಳ್ಳುತ್ತಿದ್ದ, ಒಂದು ವಾರ ಸಾಕಾ ನಿನಗೆ, ಒಂದು ತಿಂಗಳು ಕೊಟ್ಟರೂ ದಾಟಲಾರೆ ಎಂದು ಹಂಗಿಸುತ್ತಿದ್ದ ಎಂದೆ. ಮೂಗು ಒರೆಸಿಕೊಂಡು ಸ್ವಲ್ಪ ನಕ್ಕಳು. ಅಜ್ಜಿ ಗಂಜಿ ತಂದಿಟ್ಟಳು, ಅರ್ಧ ಕುಡಿದಳು. ಹೊರಡುವಾಗ ಒಂದು ಕಟ್ಟು ಒಣಮೀನನ್ನು ಒತ್ತಾಯ ಮಾಡಿ ನನ್ನ ಕೈಗೆ ತುರುಕಿದಳು ಅಜ್ಜಿ.

ಮನೆಗೆ ಬಂದು ರೋಡೆಲ್‌ಗೆ ಹೇಳಿದೆ, ಪ್ರಾರ್ಥನೆಯ ಅಜ್ಜಿಗೆ ಹೇಳಿ ಬಾ ಎಂದು. ಅವನು ಬಾಗಿಲ ಬಳಿಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು ಆಗಲೇ ಹೊರಟ.

ಸೆಪ್ಟೆಂಬರ್ 29, ಭಾನುವಾರ

ನಲವತ್ತನೇ ದಿನ. ಊರಿಗೆ ಊರೇ ಬಂದಿತ್ತು. ಅಂಟಕ್ಕಿಯ ಸಿಹಿ ಸಾಲದೆ ಪಕ್ಕದ ಮನೆಯವರು ಇನ್ನೊಂದು ಪಾತ್ರೆ ಮಾಡಿ ತಂದರು. ತರಗತಿಯ ಮಕ್ಕಳು ಹಸಿರು ಸಮವಸ್ತ್ರವನ್ನೇ ಹಾಕಿಕೊಂಡು ಬಂದಿದ್ದರು, ಯಾರು ಹೇಳಿದ್ದರೋ. ಹುಡುಗರಲ್ಲಿ ಆನ್ಸೆಲ್ಮೋ ತಟ್ಟೆ ಹಂಚಿದ. ಲಿಲಿಬೆತ್ ಎರಡು ಸಲ ಬಡಿಸಿಕೊಂಡು ತಿಂದಳು. ಜೆಮಲಿನ್ ಅಜ್ಜಿಯ ಜೊತೆ ಬಂದು ಹಿಂದೆ ನಿಂತಿದ್ದಳು, ಕರೆದು ಮುಂದೆ ಕೂರಿಸಿಕೊಂಡೆ. ತೆಳ್ಳಗಾಗಿದ್ದಾಳೆ.

ಕೊನೆಗೆ ಎಲ್ಲರೂ ಬಾಗಿಲ ಕಡೆ ತಿರುಗಿ ಪ್ರಾರ್ಥನೆ ಹೇಳಿದರು. ನಾನು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ನಿಂತೆ.

ಸೆಪ್ಟೆಂಬರ್ 30, ಸೋಮವಾರ

ಇವತ್ತು ಆಟಕ್ಕೆ ಮೊದಲು ಮಕ್ಕಳಿಗೆ ಹೇಳಿದೆ. ಎಲ್ಮರ್ ಹೆಸರಿನಲ್ಲಿ ಆಡಿದ್ದು ನಾನು. ಇನ್ನೊಬ್ಬರ ಹೆಸರಿನಲ್ಲಿ ಒಳಗೆ ಹೋಗಬಾರದು ಎಂದು ನಿಮಗೆ ಕಲಿಸಿ ನಾನೇ ಹೋದೆ, ತಪ್ಪು ಮಾಡಿದೆ. ಜೆಮಲಿನ್ ಹೆಸರು ಎತ್ತಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ಕೂತಿದ್ದಳು.

"ಒಂದಿನಾನೂ ಅವನು ಆಡ್ಲಿಲ್ವಾ ಮ್ಯಾಡಂ?" ಎಂದಳು ಲಿಲಿಬೆತ್.

"ಒಂದಿನಾನೂ ಇಲ್ಲ ಕಂದಾ. ಎಲ್ಮರ್ ಸತ್ತುಹೋಗಿದ್ದಾನೆ."

ಆ ಮಾತು ಕೇಳಿದ್ದೇ ತಡ, ಅವಳು ಮೇಜಿಗೆ ತಲೆ ಇಟ್ಟು ಬಿಕ್ಕಿದಳು. ಆನ್ಸೆಲ್ಮೋ ಕಿಟಕಿಯ ಹೊರಗೆ ನೋಡತೊಡಗಿದ. ಒಬ್ಬರನ್ನು ನೋಡಿ ಒಬ್ಬರು, ಇಡೀ ತರಗತಿ ಅತ್ತಿತು. ಮಣ್ಣಿಗೆ ಇಟ್ಟ ದಿನ ಇವರು ಯಾರೂ ಅತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಕಣ್ಣೀರು ಬಿದ್ದರೆ ಅವನಿಗೆ ಭಾರವಾಗುತ್ತದೆ ಎಂದು ಹಿರಿಯರು ಬಾಯಿ ಮುಚ್ಚಿಸಿದ್ದರು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ ತಲೆ ಸವರಿ ಬಂದೆ.

ಅತ್ತು ಮುಗಿದಮೇಲೆ ಟ್ಯಾಬ್ಲೆಟ್ ಹಂಚಿದೆ. ಜೆಮಲಿನ್ ಎಲ್ಲ ಉತ್ತರ ಒತ್ತಿ ಕೊನೆಯದರ ಮುಂದೆ ನಿಂತಳು, ಅದೊಂದು ಒತ್ತಿದರೆ ಅವನನ್ನು ದಾಟುತ್ತಾಳೆ. ಬೆರಳು ಮೇಲಕ್ಕೇ ಇತ್ತು. ನಾನು ಅವಳ ಪಕ್ಕದಲ್ಲಿ ಹೋಗಿ ಕೂತೆ. ಅವಳು ಮೆಲ್ಲಗೆ, ಒತ್ತಲಾ ಮ್ಯಾಡಂ ಎಂದಳು. ಬೇಡ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ದೇವರಾಣೆಗೂ ಬಂದಿತ್ತು.

"ಒತ್ತಮ್ಮ."

ಗೋಡೆಯ ಮೇಲೆ ಪಟ್ಟಿ ಒಮ್ಮೆ ಅಲುಗಿತು. ಜೆಮಲಿನ್ ಮೇಲೆ, ಆಕ್ಟೋಪಸ್ ಎರಡನೆಯದು. ಮೊದಲು ಬಂದವರಿಗೆ ಚಪ್ಪಾಳೆ ತಟ್ಟುವುದು ನಮ್ಮ ತರಗತಿಯ ವಾಡಿಕೆ. ಯಾರೂ ತಟ್ಟಲಿಲ್ಲ. ನಾನು ತಟ್ಟಿದೆ. ಆಮೇಲೆ ಎಲ್ಲರೂ ತಟ್ಟಿದರು.

ಇನ್ನು ನಾನು ಆ ಹೆಸರಿನಲ್ಲಿ ಹೋಗುವುದಿಲ್ಲ, ಅವಳೂ ಹೋಗುವುದಿಲ್ಲ. ಮಂಕಾಗುತ್ತದೆ, ಆಮೇಲೆ ಹೋಗುತ್ತದೆ.

ಸಂಜೆ ರೋಡೆಲ್ ಟ್ರೈಸಿಕಲ್ ತೊಳೆಯುತ್ತಿದ್ದ. ಹತ್ತಿರ ಹೋಗಿ, ಜೆಮಲಿನ್ ಇವತ್ತು ಎಲ್ಮರನ್ನು ದಾಟಿದಳು ಎಂದೆ. ಅವನ ಕೈ ನಿಂತಿತು.

"ಎರಡನೇದಕ್ಕೆ ಬಂದ್ನಾ?"

"ಹೂಂ."

"ಅಯ್ಯೋ, ಇವತ್ತು ಊಟ ಬಿಡ್ತಾನೆ ನೋಡು ಅವನು" ಎಂದು ನಕ್ಕ. ನಗುತ್ತಲೇ ಇದ್ದ. ನಗುತ್ತಾ ನಗುತ್ತಾ ಒದ್ದೆ ಸೀಟಿನ ಮೇಲೆ ಕುಸಿದು, ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕೇಳಿರದ ದನಿಯಲ್ಲಿ ಅತ್ತ. ನಾನು ನೀರಿನ ಕೊಳವೆ ನಿಲ್ಲಿಸಿ ಅವನ ಪಕ್ಕದಲ್ಲಿ ಕೂತೆ.